ಮಂಡ್ಯ ಮುಂದಿನ ವರ್ಸನೂ ಇರ್ತದೆ

ನಮ್ಮನೆಗೆ ಹೊಸದಾಗಿ ಬಂದವರು ಕೊಟ್ಟ ನೀರು ಕುಡಿಯೋಕೂ ಮುಂಚೆ ಕೇಳೋದು ಒಂದೇ ಮಾತು. "ಇಷ್ಟೊಂದು ಕಪ್ಪು ಯಾರದ್ದಮ್ಮಾ?" ಟಿವಿ ಪಕ್ಕ ಆಟದಲ್ಲಿ ಗೆದ್ದ ಕಪ್ಪು, ಬೀರು ಮೇಲೆ ಕಪ್ಪು, ದೇವರ ಗೂಡಿನ ಹತ್ರ ಶೀಲ್ಡು, ರಾಗಿ ಡ್ರಮ್ಮಿನ ಮೇಲೂ ಎರಡು ಕೂತವೆ. ಅವುಗಳ ಧೂಳು ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಯ್ತು. ನನ್ನ ಮಗಳು ಚಂದನ ಕಬಡ್ಡಿಲಿ ಗೆದ್ದಿದ್ದು ಅಂತೀನಿ. "ಓ, ಹಂಗಾದ್ರೆ ಸ್ಪೋರ್ಟ್ಸ್ ಕೋಟಾದಲ್ಲಿ ಯಾವುದಾದ್ರೂ ದೊಡ್ಡ ಕಾಲೇಜೇ ಸಿಕ್ಕಿರಬೇಕಲ್ಲ" ಅಂತಾರೆ. ಅಲ್ಲಿಗೆ ನಾನು ಕಾಫಿ ಇಡೋ ನೆಪದಲ್ಲಿ ಒಳಕ್ಕೆ ಹೋಗಿಬಿಡ್ತೀನಿ. ಸಿಗಲಿಲ್ಲ. ಮೈಸೂರಿನ ಆ ಕಾಲೇಜು, ಆ ಹಾಸ್ಟೆಲು, ನನ್ನ ಮಗಳು ಫೋನಲ್ಲಿ ಚಿತ್ರ ಇಟ್ಕೊಂಡು ದಿನಾ ನೋಡ್ತಿದ್ದ ಆ ನೀಲಿ ಮ್ಯಾಟು, ಯಾವುದೂ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅಂತ ಹೇಳಬೇಕಾದ್ರೆ ನಮ್ಮ ಯಜಮಾನರ ಕಥೆಯಿಂದ ಶುರು ಮಾಡಬೇಕು.

ಅವರ ಹೆಸರು ಸಿದ್ದರಾಜು. ಕೊಪ್ಪದಿಂದ ಒಳಕ್ಕಿರೋ ನಮ್ಮ ಸಣ್ಣ ಊರಿಗೆ ಬಂದು ಆ ಹೆಸರು ಹೇಳಿದ್ರೆ ಯಾರಿಗೂ ಗೊತ್ತಾಗಲ್ಲ. ಕೊಕ್ಕರೆ ಸಿದ್ದ ಅನ್ನಬೇಕು. ಆಗ ಸಣ್ಣ ಮಕ್ಕಳೂ ಕೈ ಹಿಡಿದು ಮನೆ ಬಾಗಿಲಿಗೆ ತಂದು ಬಿಡ್ತವೆ. ಕಾಲು ಅಷ್ಟುದ್ದ. ವಯಸ್ಸಲ್ಲಿ ರೈಡಿಗೆ ಹೋದ್ರೆ ಹಿಡಿಯೋಕೆ ಬಗ್ಗಿದವನ ಬೆನ್ನ ಮೇಲಿಂದ ಹಾರಿ ಗೆರೆ ಮುಟ್ಟುತಿದ್ರಂತೆ. ನಾನು ನೋಡಿಲ್ಲ. ನಾನು ಮದುವೆಯಾಗಿ ಬರೋ ಹೊತ್ತಿಗೆ ಮಂಡಿ ಹೋಗಿತ್ತು. ಈಗಲೂ ಮೆಟ್ಟಲು ಹತ್ತಿದ್ರೆ ಕಟಕ್ ಅನ್ನುತ್ತೆ, ಅವರು ಬಂದಿದ್ದು ನನಗೆ ಅಡುಗೆಮನೇಲೇ ಗೊತ್ತಾಗುತ್ತೆ.

ಆ ಮಂಡಿ ಮುರಿದಿದ್ದು ಊರ ಪರವಾಗಿ ಆಡೋವಾಗ. ಗದ್ದೆ ಕೆಲಸ ಇನ್ನು ಆಗಲ್ಲ ಅಂತ ಗೊತ್ತಾದಾಗ ನಮ್ಮೂರಿನ ಹಿರೀಕರು ಹೊನ್ನಯ್ಯನೋರು ಪಂಚಾಯ್ತಿಲಿ ಎದ್ದು ನಿಂತರಂತೆ. "ಊರಿಗೋಸ್ಕರ ಕಾಲು ಮುರ್ಕೊಂಡವ್ನೆ ಕಣ್ರಲಾ. ನೀರು ಬುಡೋ ಕೆಲ್ಸ ಇವ್ನಿಗಲ್ದೆ ಇನ್ಯಾರಿಗ್ ಕೊಡ್ತೀರಿ?" ಅಂದರಂತೆ. ಹಂಗೆ ನಮ್ಮ ಯಜಮಾನರು ಊರಿನ ನೀರುಗಂಟಿ ಆದರು. ಬೆಳಿಗ್ಗೆ ಎದ್ದು ಮೋಟ್ರು ಹಾಕಿ ಟ್ಯಾಂಕು ತುಂಬಿಸೋದು, ವಾಲ್ವು ತಿರುಗಿಸಿ ಬೀದಿ ಬೀದಿಗೆ ನೀರು ಬಿಡೋದು. ಆ ಕೆಲಸದಿಂದಲೇ ನಾನು ಅನ್ನ ಕಂಡಿದ್ದು, ಸುಳ್ಳು ಹೇಳಬಾರದು. ಆದರೆ ಆವತ್ತಿಂದ ಅವರ ತಲೇಲಿ ಒಂದು ಮಾತು ಗೂಟ ಹೊಡ್ಕೊಂಡು ಕೂತುಬಿಡ್ತು. ನಾವು ಊರಿಗೆ ಆದ್ರೆ ಊರು ನಮಗಾಗುತ್ತೆ ಅಂತ. ಯಾರು ಏನು ಹೇಳಿದ್ರೂ ಕೊನೆಗೆ ಅಲ್ಲಿಗೇ ಬರೋರು.

ಗಂಡುಮಗ ಇಲ್ಲ ನಮಗೆ. ಚಂದನ ಒಬ್ಬಳೇ. ಹುಟ್ಟಿದಾಗ ಸೂಲಗಿತ್ತಿ ಪಟ್ಟಲಮ್ಮ ಮಗೂನ ಎತ್ತಿ ತೋರಿಸಿ "ಇಂದ್ರಮ್ಮ, ಕಾಲ್ ನೋಡವ್ವ, ಇದೂ ಕೊಕ್ಕರೆನೇಯಾ" ಅಂತ ನಕ್ಕಿದ್ದಳು. ಅಪ್ಪ ಆವತ್ತೇ ತೀರ್ಮಾನ ಮಾಡಿರಬೇಕು. ಹುಡುಗಿ ಎಂಟನೇ ಕ್ಲಾಸಿಗೆ ಬರೋಷ್ಟರಲ್ಲಿ ಊರಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಟೀಮೇ ಕಟ್ಟಿಬಿಟ್ಟರು. ಊರು ಬಾಯಿ ಮುಚ್ಕೊಂಡು ಇರುತ್ತಾ? ಮೇಲಿನ ಬೀದಿಯೋರು ಆಡಿಕೊಂಡಿದ್ದೇ ಆಡಿಕೊಂಡಿದ್ದು. ವಯಸ್ಸಿಗೆ ಬಂದ ಹುಡುಗೀರಿಗೆ ಚಡ್ಡಿ ಹಾಕ್ಸಿ ಕುಣಿಸ್ತಾವ್ನೆ, ಇವ್ನಿಗೇನು ಬಂದೈತೆ ಅಂತ. ನಮ್ಮ ಯಜಮಾನರು ಜಗಳಕ್ಕೆ ಹೋಗಲಿಲ್ಲ. ಯಾವ ಬೀದಿಯೋರು ಆಡಿಕೊಂಡ್ರೋ ಆ ಬೀದಿ ವಾಲ್ವು ಎಲ್ಲರದ್ದೂ ಆದಮೇಲೆ ತಿರುಗಿಸೋರು. ಹದಿನೈದು ದಿನಕ್ಕೆ ಮೇಲಿನ ಬೀದಿಯ ಹೆಂಗಸರೇ ಬಂದು, "ಅಣ್ಣೋ, ನಮ್ ಉಡ್ಗಿನೂ ಸೇರಿಸ್ಕೊ, ಆದ್ರೆ ನೀರ್ ಬೇಗ ಬುಡು" ಅಂದರು. ನಾನು ಬಾಗಿಲ ಹಿಂದೆ ನಿಂತು ಬಿದ್ದು ಬಿದ್ದು ನಕ್ಕಿದ್ದೆ.

ಏನೇ ಬೈದ್ರೂ ಒಂದು ಮಾತು ಒಪ್ಪಬೇಕು. ಆ ಮನುಷ್ಯ ಮಗಳಿಗೆ ಕಲಿಸಿದ್ದನ್ನ ದುಡ್ಡು ಕೊಟ್ರೂ ಯಾರೂ ಕಲಿಸ್ತಿರಲಿಲ್ಲ. ಸಾಯಂಕಾಲ ಕಣದಲ್ಲಿ ಆ ಕುಂಟು ಕಾಲಲ್ಲೇ ಎದುರಿಗೆ ನಿಂತು, "ಕಣ್ಣು ನೋಡಮ್ಮಿ, ಕಾಲ್ ನೋಡ್ಬೇಡ. ಕಾಲು ಸುಳ್ಳು ಯೋಳ್ತದೆ, ಕಣ್ಣು ಯೋಳಕ್ಕಿಲ್ಲ" ಅಂತ ಕೂಗೋರು. ಮಳವಳ್ಳಿ ಕಡೆ, ಮದ್ದೂರು ಕಡೆ, ಎಲ್ಲಿ ಟೂರ್ನಮೆಂಟ್ ಇದ್ರೂ ಟೆಂಪೋ ಮಾಡ್ಕೊಂಡು ಹುಡುಗೀರನ್ನ ತುಂಬ್ಕೊಂಡು ಹೋಗೋರು. ಬರುವಾಗ ಕಪ್ಪು. ಒಂದ್ಸಲ ಸ್ಟೀಲ್ ಕೊಳಗ, ಒಂದ್ಸಲ ಗೋಡೆ ಗಡಿಯಾರ. ಆ ಗಡಿಯಾರ ಒಂದಿನಾನೂ ಸರಿಯಾಗಿ ಓಡಲಿಲ್ಲ, ಆದ್ರೂ ಇಳಿಸೋಕೆ ಬಿಡಲ್ಲ.

ಚಂದನ ಹತ್ತನೇ ಕ್ಲಾಸು ಮುಗಿಸಿ ಪಿಯುಸಿಗೆ ಸೇರಿದಳು. ಅಲ್ಲಿ ಆಟದ ಮೇಷ್ಟ್ರು ಜಯಪ್ರಕಾಶ್ ಅಂತ. ಅವರು ನಮ್ಮ ಹುಡುಗಿ ಒಂದು ರೈಡು ನೋಡಿದವರೇ ಸಾಯಂಕಾಲಕ್ಕೆ ಸ್ಕೂಟರ್ ಹತ್ಕೊಂಡು ನಮ್ಮ ಮನೆಗೆ ಬಂದರು. ನಾನು ಹಾಲು ಕರೀತಿದ್ದೆ, ಕೊಟ್ಟಿಗೆಗೇ ಎಲ್ಲ ಮಾತೂ ಕೇಳಿಸ್ತಿತ್ತು.

"ನೋಡಿ ಸಿದ್ದರಾಜು," ಅಂದರು ಮೇಷ್ಟ್ರು, "ಮೈಸೂರಲ್ಲಿ ಒಂದು ಕಾಲೇಜಿದೆ. ಡಿಗ್ರಿ ಜೊತೆಗೆ ಕಬಡ್ಡಿಗೆ ಅಂತಲೇ ಕೋಚ್ ಇದ್ದಾರೆ, ಹಾಸ್ಟೆಲ್ ಇದೆ. ಅಲ್ಲಿಂದ ಹೊರಗೆ ಬಂದೋರು ಆಟಗಾರರೋ ಕೋಚೋ ಆಗೇ ಆಗ್ತಾರೆ. ಬರೀ ಮಾರ್ಕ್ಸಲ್ಲಿ ಇವಳಿಗೆ ಅಲ್ಲಿ ಸೀಟಾಗಲ್ಲ. ತೊಂಬತ್ತೈದು ತೆಗೆದೋರೇ ಕ್ಯೂ ನಿಂತಿರ್ತಾರೆ. ಆದ್ರೆ ಆಟದೋರಿಗೆ ಅಂತ ಒಂದಿಷ್ಟು ಸೀಟು ಬೇರೆ ಇಟ್ಟಿದ್ದಾರೆ. ಅದಕ್ಕೆ ರಾಜ್ಯ ಮಟ್ಟ ಆಡಿರಬೇಕು. ಅದೂ ಇಲಾಖೆ ನಡೆಸೋ ಆಟದಲ್ಲಿ. ಮೊದಲು ಮದ್ದೂರಲ್ಲಿ ತಾಲ್ಲೂಕು, ಆಮೇಲೆ ಮಂಡ್ಯದಲ್ಲಿ ಜಿಲ್ಲೆ. ಮಂಡ್ಯದಲ್ಲಿ ಒಬ್ಬೊಬ್ಬರನ್ನೇ ನೋಡಿ ರಾಜ್ಯಕ್ಕೆ ಆರಿಸ್ತಾರೆ. ಮಂಡ್ಯ ದಾಟಿದ್ರೆ ಇವಳ ದಾರಿ ಸಲೀಸು."

"ಅದ್ಕೇನ್ ಸಾರ್, ಗೋಡೆ ತುಂಬಾ ಕಪ್ಪಿಟ್ಟವ್ಳೆ ನನ್ ಮಗ್ಳು" ಅಂದರು ಇವರು.

"ಇವು ಲೆಕ್ಕಕ್ಕೆ ಬರಲ್ಲ ಸಿದ್ದರಾಜು. ಊರ ಆಟ ಇವು."

"ಅದೆಂಗ್ ಸಾರ್ ಬರಕ್ಕಿಲ್ಲ? ಕಬಡ್ಡಿ ಕಬಡ್ಡಿನೇ ಅಲ್ವಾ?" ಅಂತ ನಮ್ಮ ಯಜಮಾನರು ನಕ್ಕರು. ಮೇಷ್ಟ್ರು ಮತ್ತೆ ಬಿಡಿಸಿ ಹೇಳಿದರು. ಇವರು ತಲೆ ಆಡಿಸಿದರು. ಕಿವಿಗೆ ಹೋಯ್ತು, ತಲೆಗೆ ಹೋಗಲಿಲ್ಲ. ಬಾಗಿಲ ಹತ್ರ ನಿಂತಿದ್ದ ಚಂದನಂಗೆ ಮಾತ್ರ ಎಲ್ಲ ಅರ್ಥವಾಗಿತ್ತು. ಆವತ್ತಿಂದಲೇ ಅವಳ ಫೋನಿನ ಮೇಲೆ ಆ ನೀಲಿ ಮ್ಯಾಟು ಬಂದಿದ್ದು.

ಆ ವರ್ಷ ಮದ್ದೂರಲ್ಲಿ ತಾಲ್ಲೂಕು ಗೆದ್ದರು. ಕಾಲೇಜಿನ ಟೀಮಲ್ಲಿ ಬೇರೆ ಬೇರೆ ಊರಿನ ಹುಡುಗೀರು, ಎಲ್ಲ ಇವಳ ಮೇಲೇ ಭಾರ ಹಾಕಿ ಆಡೋರು. ಮಂಡ್ಯದ ಆಟ ಶನಿವಾರ ಅಂತ ಗೊತ್ತಾಯ್ತು. ಅದೇ ಶನಿವಾರಕ್ಕೆ ನೋಡಿ ನಮ್ಮ ಹಣೆಬರಹ ಬಂದು ಗಂಟು ಬಿದ್ದಿದ್ದು.

ನಮ್ಮ ಪಕ್ಕದೂರಲ್ಲಿ ವರ್ಷ ವರ್ಷ ಒಂದು ಟೂರ್ನಮೆಂಟು ಮಾಡ್ತಾರೆ. ಮೊದಲನೇ ಬಹುಮಾನ ಬಂಡೂರು ಟಗರು. ಗಿಡ್ಡ ಕಾಲು, ಮೈತುಂಬಾ ಉಣ್ಣೆ, ನಾಲ್ಕು ಜನ ಹಿಡಿದ್ರೂ ಜಗ್ಗಲ್ಲ ಅಂಥದ್ದು. ಹಿಂದಿನ ವರ್ಷ ಹೆಣ್ಣುಮಕ್ಕಳ ಫೈನಲಲ್ಲಿ ಪಕ್ಕದೂರಿನೋರು ನಮ್ಮೋರನ್ನ ಒಂದೇ ಪಾಯಿಂಟಲ್ಲಿ ಸೋಲಿಸಿದ್ರು. ಸೋತಿದ್ದು ಹೋಗ್ಲಿ. ಆ ಟಗರನ್ನ ಟ್ರ್ಯಾಕ್ಟರ್ ಮೇಲೆ ನಿಲ್ಲಿಸಿ, ತಮಟೆ ಹೊಡ್ಕೊಂಡು ನಮ್ಮೂರೊಳಕ್ಕೇ ಬಂದು, ನಮ್ಮ ಟ್ಯಾಂಕಿನ ಮುಂದೆ ನಿಂತು, ನಮ್ಮ ಯಜಮಾನರು ಬಿಡೋ ನಲ್ಲಿಯಲ್ಲೇ ಟಗರಿಗೆ ನೀರು ಕುಡಿಸ್ಕೊಂಡು ಹೋದ್ರು. ಥೂ, ಎಂಥ ಕೊಬ್ಬು! ಆವತ್ತು ರಾತ್ರಿ ಇವರು ಅನ್ನದ ಮುಂದೆ ಕೂತು ಕೈ ತೊಳ್ಕೊಂಡು ಎದ್ದುಬಿಟ್ಟಿದ್ರು. ಇಡೀ ವರ್ಷ ಅದೇ ಕೊರಗು.

ಮಂಡ್ಯದ ಆಟಕ್ಕೆ ಎರಡು ದಿನ ಇದೆ ಅನ್ನೋವಾಗ ಹೊನ್ನಯ್ಯನೋರು ನಾಲ್ಕು ಹುಡುಗರನ್ನ ಕಟ್ಕೊಂಡು ಬಂದು ಜಗುಲಿ ಮೇಲೆ ಕೂತರು.

"ಏನ್ಲಾ ಸಿದ್ದ, ನಿನ್ ಮಗ್ಳು ಸನಿವಾರ ಮಂಡ್ಯಕ್ಕೆ ಓಯ್ತಾಳಂತೆ?"

"ಊಂ ಕಣಣ್ಣ. ಕಾಲೇಜ್ ಆಟ."

"ಓಗ್ಲಿ ಬುಡು. ನಾವೂ ಟಗರು ಅವ್ರಿಗೇ ಬುಟ್ಬುಡಾನ. ಮತ್ತೆ ಬಂದು ನಿನ್ ನಲ್ಲಿಲೇ ನೀರ್ ಕುಡ್ಸ್ಕೊಂಡ್ ಓಗ್ಲಿ. ನೀನೇ ವಾಲ್ವು ತಿರುಗ್ಸುವೆಯಂತೆ."

ಅಷ್ಟೇ ಅಂದಿದ್ದು. ಜಾಸ್ತಿ ಹೇಳಲಿಲ್ಲ ಆ ಮುದುಕಪ್ಪ. ಎಲ್ಲಿಗೆ ಚುಚ್ಚಬೇಕು ಅಂತ ಗೊತ್ತಿತ್ತು ಅವರಿಗೆ. ನಮ್ಮ ಯಜಮಾನರು "ಊರಿಗೇ ಆಡ್ತಾಳೆ ಓಗಣ್ಣ" ಅಂದುಬಿಟ್ಟರು. ಅವರು ಹೋದಮೇಲೆ ನಾನು ಸುಮ್ಮನಿರಲಿಲ್ಲ, ಬಾಯಿಗೆ ಬಂದಂಗೆ ಅಂದೆ.

"ಅಲ್ಲಾ, ನೀವೇನ್ ಮನುಸ್ರಾ? ಮೇಷ್ಟ್ರು ಬಿಡಿಸಿ ಬಿಡಿಸಿ ಯೋಳವ್ರೆ. ಮಗ್ಳ ಬಾಳು ದೊಡ್ದಾ, ಟಗರು ದೊಡ್ದಾ?"

"ಟಗರಲ್ಲ ಕಣೆ ಇಂದ್ರಿ, ಊರು. ಈ ಊರು ಅವತ್ತು ಕೈ ಬುಟ್ಟಿದ್ರೆ ನಾನ್ ಎಲ್ಲಿರ್ತಿದ್ದೆ?"

"ಮತ್ತೆ ಮಂಡ್ಯ?"

"ಮಂಡ್ಯ ಎಲ್ಲೋಯ್ತದೆ? ಮಂಡ್ಯ ಮುಂದಿನ ವರ್ಸನೂ ಇರ್ತದೆ. ಇನ್ನೂ ಒಂದ್ ವರ್ಸ ಐತಲ್ಲ ಪಿಯುಸಿ."

ಇನ್ನೊಂದು ವರ್ಷ ಇದ್ದಿದ್ದು ನಿಜ ತಾನೇ. ಚಂದನ ನಡುಮನೇಲಿ ಕೂತು ಬ್ಯಾಗು ತುಂಬ್ತಿದ್ದಳು. ಕಾಲೇಜಿನ ನೀಲಿ ಜರ್ಸಿ ಇಸ್ತ್ರಿ ಹಾಕಿ ಮಡಿಸಿಟ್ಟಿದ್ದಳು. ಅಪ್ಪ ಹೋಗಿ ಪಕ್ಕದಲ್ಲಿ ಕೂತು, "ಮಗ, ಈ ಒಂದ್ಕಿತ ಊರಿಗ್ ಆಡ್ಬುಡವ್ವ" ಅಂದರು. ಅವಳು ಮುಖ ನೋಡಿ, "ಮೇಷ್ಟ್ರು ಬೈತಾರೆ ಅಪ್ಪ" ಅಂದಳು. "ಮೇಷ್ಟ್ರಿಗೆ ನಾನ್ ಯೋಳ್ತೀನಿ ಬುಡು" ಅಂದರು. ಶನಿವಾರ ಬೆಳಿಗ್ಗೆ ನಾನು ನೋಡ್ತೀನಿ, ಬ್ಯಾಗಿಂದ ನೀಲಿ ಜರ್ಸಿ ತೆಗೆದು ಬೀರುವಿನ ಒಳಗೆ, ನನ್ನ ಸೀರೆಗಳ ಕೆಳಗೆ ಇಡ್ತಿದ್ದಾಳೆ. ಊರಿನ ಹಳದಿ ಜರ್ಸಿ ಹಾಕ್ಕೊಂಡಿದ್ದಳು. ಜಗಳ ಆಡಿದ್ರೆ, ಅತ್ತಿದ್ರೆ, ಅಪ್ಪನ ಮನಸ್ಸು ಕರಗ್ತಿತ್ತೋ ಏನೋ. ಅಪ್ಪನ ಮಾತಂದ್ರೆ ಅವಳಿಗೆ ಅಷ್ಟು ನಂಬಿಕೆ.

ಗೆದ್ದರು. ಹೆಂಗೆ ಗೆದ್ದರು ಅಂದ್ರೆ, ಪಕ್ಕದೂರಿನೋರು ಮೊದಲರ್ಧದಲ್ಲೇ ಕೈ ಚೆಲ್ಲಿ ನಿಂತರು. ಟಗರು ಟ್ರ್ಯಾಕ್ಟರ್ ಹತ್ತಿತು, ಪಕ್ಕದಲ್ಲಿ ನನ್ನ ಮಗಳು. ತಮಟೆ ಏನು, ಪಟಾಕಿ ಏನು! ನಮ್ಮ ಯಜಮಾನರು ಆ ಮಂಡಿ ಇಟ್ಕೊಂಡು ಟ್ರ್ಯಾಕ್ಟರ್ ಮುಂದೆ ಕುಣಿದಿದ್ದನ್ನ ನಮ್ಮೂರು ಇವತ್ತಿಗೂ ಆಡಿಕೊಳ್ಳುತ್ತೆ. ಮಾರನೇ ದಿನ ಟಗರು ಕಡಿದು ಊರಿಗೆಲ್ಲ ಊಟ. ಚಂದನ ಎಲೆಗಳ ಮಧ್ಯೆ ಓಡಾಡಿ ಮುದ್ದೆ ಬಡಿಸ್ತಿದ್ದಳು. ಯಾರೋ "ಗೆದ್ದೋಳು ನೀನು, ಕೂತ್ಕಳಮ್ಮಿ" ಅಂದ್ರೂ ಕೂರಲಿಲ್ಲ. ಕೊನೇಗೆ ನಮ್ಮ ಜೊತೆ ಬರೀ ಸಾರಲ್ಲಿ ಉಂಡು ಎದ್ದಳು.

ಮಂಡ್ಯದಲ್ಲಿ ಕಾಲೇಜಿನೋರು ಮೊದಲನೇ ಆಟಕ್ಕೇ ಸೋತು ಬಂದಿದ್ದರು. ಸೋಮವಾರ ಕಾಲೇಜಿಗೆ ಹೋದಾಗ ಅವಳ ಟೀಮಿನ ಹುಡುಗೀರು ಯಾರೂ ಮಾತಾಡಿಸಲಿಲ್ಲವಂತೆ. ಜಯಪ್ರಕಾಶ್ ಮೇಷ್ಟ್ರು ಬೈಯಲೂ ಇಲ್ಲ. ಅವರು ಬೈದಿದ್ರೆ ಚೆನ್ನಾಗಿತ್ತು ಅಮ್ಮ ಅಂದಳು ನನ್ನ ಹತ್ರ.

ಮುಂದಿನ ವರ್ಷ ಬಂತು. ಮಂಡ್ಯನೂ ಇತ್ತು, ಎಲ್ಲೂ ಹೋಗಿರಲಿಲ್ಲ. ಟೀಮೇ ಇರಲಿಲ್ಲ. ಸೆಕೆಂಡ್ ಪಿಯುಸಿ, ಟ್ಯೂಷನ್ನು, ಓದು ಅಂತ ಕೆಲವರು ಬಿಟ್ಟರು. ಆಡೋ ಆಸೆ ಇದ್ದೋರೂ ಬರಲಿಲ್ಲ. "ಅವತ್ತು ನಮ್ಮನ್ನ ನಡುನೀರಲ್ಲಿ ಬಿಟ್ಟು ಟಗರಿಗೆ ಹೋದಳಲ್ಲ, ಇವಳ ಸೀಟಿಗೆ ನಾವ್ಯಾಕೆ ಬೆವರು ಸುರಿಸಬೇಕು?" ಅಂದರಂತೆ. ಅವರದ್ದೇನು ತಪ್ಪು, ನಾನೂ ಹಂಗೇ ಅಂತಿದ್ದೆ. ಆಗ ನಮ್ಮ ಯಜಮಾನರಿಗೆ ಮೊದಲ ಸಲ ಭಯ ಆಯ್ತು. ಗಾಡಿ ಹತ್ತಿ ಒಂದೊಂದೂರಿಗೂ ಹೋಗಿ ಆ ಹುಡುಗೀರ ಅಪ್ಪಂದಿರ ಹತ್ರ ಕೈ ಮುಗಿದು ಬಂದರು. ಕೆರಗೋಡಿನ ಹತ್ರ ಒಂದು ಮನೇಲಿ ನೀರೂ ಕೊಡದೆ ಕಳಿಸಿದರಂತೆ. ಇಡೀ ಊರಿಗೆ ನೀರು ಬಿಡೋ ಮನುಷ್ಯ. ಏಳು ಜನ ಕೂಡಲಿಲ್ಲ. ತಾಲ್ಲೂಕಿಗೇ ಹೆಸರು ಹೋಗಲಿಲ್ಲ.

ಪಿಯುಸಿ ಮುಗೀತು. ಮಾರ್ಕ್ಸು ಮೇಷ್ಟ್ರು ಅಂದಂಗೇ ಆ ಸೀಟಿಗೆ ಸಾಲಲಿಲ್ಲ. ಮೇಷ್ಟ್ರು ಆಗಲ್ಲ ಅಂದರೂ ಕೇಳದೆ ಇವರು ಒಂದಿನ ಬೆಳಿಗ್ಗೆ ಗೋಣಿಚೀಲ ತಗೊಂಡು ಗೋಡೆ ಮೇಲಿಂದ ಕಪ್ಪು ಶೀಲ್ಡು ಎಲ್ಲ ಇಳಿಸಿ ತುಂಬೋಕೆ ಶುರು ಮಾಡಿದರು. "ಇಷ್ಟು ನೋಡಿದ್ ಮ್ಯಾಲೂ ಇಲ್ಲ ಅಂತಾರಾ? ಕಣ್ಣಿಲ್ವಾ ಅವ್ರಿಗೆ?" ಅಂದರು. ನಾನು, ಚಂದನ, ಅವರು, ಆ ಚೀಲ. ಕೊಪ್ಪದಿಂದ ಮದ್ದೂರು, ಮದ್ದೂರಿಂದ ಮೈಸೂರು ಬಸ್ಸು. ಕಂಡಕ್ಟರ್ ಚೀಲಕ್ಕೆ ಕಾಲಲ್ಲಿ ಒದ್ದು, "ಏನ್ ಯಜಮಾನ್ರೇ, ಗುಜರಿನಾ?" ಅಂದ. ಬೇರೆ ದಿನ ಆಗಿದ್ರೆ ಇವರು ಅವನ ಜನ್ಮ ಜಾಲಾಡಿಬಿಡೋರು. ಆವತ್ತು ಚೀಲ ಎತ್ತಿ ತೊಡೆ ಮೇಲೆ ಇಟ್ಕೊಂಡರು.

ಕಾಲೇಜಲ್ಲಿ ಆಟದ ಮೇಡಂ ಒಬ್ಬರು ಸಿಕ್ಕಿದರು. ಒಳ್ಳೇ ಹೆಂಗಸು, ಪಾಪ. ಇವರು ಮೊಸಾಯಿಕ್ ನೆಲದ ಮೇಲೆ ಚೀಲ ಬಿಚ್ಚಿ ಒಂದೊಂದೇ ಕಪ್ಪು ಸಾಲಾಗಿ ಇಟ್ಟರು. ಓಡಾಡೋ ಹುಡುಗೀರು ನಿಂತು ನೋಡಿದರು, ಒಂದಿಬ್ಬರು ನಕ್ಕರು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಮೇಡಂ ನಗಲಿಲ್ಲ. ಬಗ್ಗಿ ಎಲ್ಲದರ ಮೇಲಿನ ಬರಹ ಓದಿದರು.

"ಇಲಾಖೆಯಿಂದ ಜಿಲ್ಲೆ, ರಾಜ್ಯ ಆಡಿರೋದು ಏನಾದ್ರೂ ಇದೆಯಾ?"

"ತಾಲ್ಲೂಕು ಗೆದ್ದವ್ಳೆ ಮೇಡಂ."

"ತಾಲ್ಲೂಕು ಸಾಲಲ್ಲ. ಊರಿನ ಆಟಗಳು ಎಷ್ಟಿದ್ರೂ ನಾವು ತಗೊಳ್ಳೋ ಹಾಗಿಲ್ಲ."

"ಒಂದ್ ರೈಡು ನೋಡ್ಬುಡಿ ಮೇಡಂ," ಅಂದರು ಇವರು. "ಒಂದೇ ಒಂದು. ಆಮೇಲ್ ಬೇಕಾದ್ರೆ ಓಗ್ ಅನ್ನಿ."

ಮೇಡಂ ಒಳಕ್ಕೆ ಕರ್ಕೊಂಡು ಹೋದರು. ಅದೇ ನೀಲಿ ಮ್ಯಾಟು. ಅಭ್ಯಾಸ ಮಾಡ್ತಿದ್ದ ದೊಡ್ಡ ಹುಡುಗೀರನ್ನ ಎದುರಿಗೆ ನಿಲ್ಲಿಸಿದರು. ಚಂದನ ಚಪ್ಪಲಿ ಬಿಟ್ಟು, ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು, ಬಗ್ಗಿ ಮ್ಯಾಟು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಹೋದಳು. ನನಗೆ ಆಟ ಅಷ್ಟು ಅರ್ಥವಾಗಲ್ಲ. ಎಡಕ್ಕೆ ಹೋದಂಗೆ ಮಾಡಿ ಬಲಕ್ಕೆ ತಿರುಗಿದಳು, ಮೂಲೆಯೋಳು ಬಿದ್ದು ಕಾಲು ಹಿಡಿದಳು, ಇನ್ನೊಬ್ಬಳು ಸೊಂಟ ಹಿಡಿದಳು, ಇವಳು ಇಬ್ಬರನ್ನೂ ಎಳ್ಕೊಂಡು ಬಂದು ಗೆರೆ ಮುಟ್ಟಿಬಿಟ್ಟಳು. ನಕ್ಕಿದ್ದ ಹುಡುಗೀರೇ ಚಪ್ಪಾಳೆ ಹೊಡೆದರು. ನನ್ನ ಮಗಳ ಮುಖದಲ್ಲಿ ಆವತ್ತು ಕಂಡ ಖುಷಿ ಟ್ರ್ಯಾಕ್ಟರ್ ಮೇಲೆ ಕಂಡಿರಲಿಲ್ಲ.

ಮೇಡಂ ಬಂದು ಅವಳ ಭುಜ ತಟ್ಟಿದರು. ಆಮೇಲೆ, "ಇಂಥ ಹುಡುಗಿನ ಬಿಟ್ಟು ಕಳಿಸಬೇಕಲ್ಲ ಅಂತ ನನಗೇ ಸಂಕಟ ಆಗ್ತಿದೆ" ಅಂದರು. "ಜಿಲ್ಲೆಲಿ ಆಡಿದ್ರೆ ಇವಳನ್ನ ಆರಿಸದೆ ಇರೋಕೆ ಸಾಧ್ಯನೇ ಇರಲಿಲ್ಲ. ತಾಲ್ಲೂಕು ಗೆದ್ದಮೇಲೆ ಮಂಡ್ಯಕ್ಕೆ ಯಾಕಮ್ಮ ಹೋಗಲಿಲ್ಲ?"

ನಮ್ಮ ಯಜಮಾನರು ಬಾಯಿ ತೆಗೆದರು. ಹೇಳೋಕೆ ಹೊರಟಿದ್ದರು, ನನಗೆ ಗೊತ್ತು. ಅವರು ಸುಳ್ಳು ಹೇಳೋ ಜಾತಿಯಲ್ಲ. ಅಷ್ಟರಲ್ಲಿ ಚಂದನ ಅಪ್ಪನ ಕಡೆ ನೋಡದೇನೇ ಹೇಳಿದಳು.

"ಜ್ವರ ಬಂದಿತ್ತು ಮೇಡಂ."

"ಅಯ್ಯೋ, ಎಂಥಾ ಹೊತ್ತಲ್ಲಿ ಬಂತಮ್ಮ" ಅಂದರು ಮೇಡಂ.

ಇವರ ಬಾಯಿ ತೆರೆದಿದ್ದು ತೆರೆದಂಗೇ ಇತ್ತು. ಆಮೇಲೆ ಹೊರಗೆ ಬಂದು ಕುಕ್ಕರಗಾಲಲ್ಲಿ ಕೂತು ಕಪ್ಪುಗಳನ್ನ ಚೀಲಕ್ಕೆ ತುಂಬಿದರು. ತರುವಾಗ ಒಂದೊಂದನ್ನೂ ಟವೆಲ್ಲಲ್ಲಿ ಸುತ್ತಿ ತಂದಿದ್ದವರು, ಈಗ ಹಂಗೇ ಒಂದರ ಮೇಲೊಂದು ಹಾಕಿದರು. ಒಂದರ ಕಿವಿ ಮುರೀತು. ಎತ್ತಿಕೊಳ್ಳಲಿಲ್ಲ. ನಾನು ಎತ್ತಿ ಸೆರಗಲ್ಲಿ ಕಟ್ಕೊಂಡೆ.

ವಾಪಸ್ ಬರೋ ಬಸ್ಸಲ್ಲಿ ಚಂದನ ಕಿಟಕಿಗೆ ತಲೆ ಇಟ್ಟು ನಿದ್ದೆ ಮಾಡಿದಳು, ಇಲ್ಲ ಮಾಡಿದಂಗೆ ಕಣ್ಣು ಮುಚ್ಚಿದ್ದಳು. ಮಂಡ್ಯ ಬಂತು. ಬಸ್ಸು ಸ್ಟ್ಯಾಂಡಲ್ಲಿ ನಿಲ್ತು. ಕಡ್ಲೆಕಾಯಿ ಮಾರೋರು, ಹೂವು ಮಾರೋರು, ಕಾಲೇಜು ಬಿಟ್ಟ ಹುಡುಗರ ಗಲಾಟೆ. ಇವರು ಹೊರಗಡೆನೇ ನೋಡ್ತಿದ್ದರು. "ಇಂದ್ರಿ, ಮಂಡ್ಯ ಇಲ್ಲೇ ಐತಲ್ಲ" ಅಂದರು. ಅವರಿಗೆ ಸರಿಯಾಗಿ ಬೈಯಬೇಕು ಅಂತ ಮೈಸೂರಿಂದ ಮನಸ್ಸಲ್ಲೇ ಮಾತು ಜೋಡಿಸ್ಕೊಂಡು ಬಂದಿದ್ದೆ. ಎಲ್ಲ ಮರೆತುಹೋಯ್ತು. ಇವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು, ಮಂಡಿ ಮುರಿದಾಗಲೂ ಅತ್ತೋರಲ್ಲವಂತೆ.

ಊರಿಗೆ ಬಂದು ಚೀಲ ಅಟ್ಟಕ್ಕೆ ಎಸೆದರು. ವಾರ ನೋಡಿ ನಾನೇ ಇಳಿಸಿ, ತೊಳೆದು, ಮತ್ತೆ ಗೋಡೆ ಮೇಲೆ ಜೋಡಿಸಿದೆ. "ಯಾಕೆ ಇಟ್ಟೆ? ನೋಡಕ್ಕಾಗಕ್ಕಿಲ್ಲ ನಂಗೆ" ಅಂತ ರೇಗಿದರು. "ನಿಮ್ದಲ್ಲ ಕಣಿ, ನನ್ ಮಗ್ಳು ಗೆದ್ದಿದ್ದು" ಅಂದೆ.

ಚಂದನ ಈಗ ಮದ್ದೂರಲ್ಲಿ ಬಿ.ಕಾಂ ಓದ್ತಾಳೆ. ಬೆಳಿಗ್ಗೆ ಬಸ್ಸು, ಸಾಯಂಕಾಲ ಬಸ್ಸು. ನಗ್ತಾಳೆ, ಅಡುಗೆ ಮಾಡ್ತಾಳೆ, ಅಪ್ಪನ ಮಂಡಿಗೆ ಎಣ್ಣೆ ಹಚ್ತಾಳೆ. ಒಂದು ಮಾತು ಎತ್ತಿ ಆಡಿಲ್ಲ. ಅವಳು ಒಂದು ದಿನ, "ನಿನ್ನಿಂದ ಆಯ್ತು ಅಪ್ಪ" ಅಂತ ಅಂದುಬಿಟ್ಟಿದ್ರೆ ಈ ಮನುಷ್ಯ ಬದುಕ್ಕೊಳ್ತಿದ್ರು ಅನ್ನಿಸುತ್ತೆ ನನಗೆ. ಅವಳು ಕಣಕ್ಕೆ ಮಾತ್ರ ಹೋಗಲ್ಲ. ಫೋನಿನ ಮೇಲೆ ಈಗ ಯಾವುದೋ ಹೂವಿನ ಚಿತ್ರ. ಕೇಳಿದವರಿಗೆಲ್ಲ ಓದು ಜಾಸ್ತಿ ಅಂತಾಳೆ. ಇವರು ಸಾಯಂಕಾಲ ಆದ್ರೆ ಟ್ಯಾಂಕಿನ ಕಟ್ಟೆ ಮೇಲೆ ಕೂತು ಆ ಖಾಲಿ ಕಣ ನೋಡ್ತಾರೆ. ಹುಡುಗೀರ ಟೀಮು ಹಂಗೇ ಚೆಲ್ಲಾಪಿಲ್ಲಿ ಆಯ್ತು.

ಮೊನ್ನೆ ಮತ್ತೆ ಪಕ್ಕದೂರಿನ ಟೂರ್ನಮೆಂಟಿನ ಬ್ಯಾನರ್ ಬಿತ್ತು. ಮತ್ತೆ ಬಂಡೂರು ಟಗರು. ಸಾಯಂಕಾಲ ಹೊನ್ನಯ್ಯನೋರು ಕೋಲೂರಿಕೊಂಡು, ಹಿಂದೆ ಹುಡುಗರನ್ನ ಕಟ್ಕೊಂಡು ಬಂದರು. ನಮ್ಮ ಯಜಮಾನರು ಆಗ ತಾನೇ ನೀರು ಬಿಟ್ಟು ಬಂದು, ವಾಲ್ವಿನ ಕೀಲಿ ಗೋಡೆಗೆ ಒರಗಿಸಿ ಹಿತ್ತಲಲ್ಲಿ ಕೈ ತೊಳೀತಿದ್ದರು. ಚಂದನ ನಡುಮನೇಲಿ ಓದ್ತಾ ಕೂತಿದ್ದಳು.

"ಏನವ್ವ ಚಂದನ, ರೆಡಿನಾ?" ಅಂದರು ಹೊನ್ನಯ್ಯನೋರು. "ಬಾನುವಾರ ಆಟ. ಉಡ್ಗೀರ್ನೆಲ್ಲ ಮತ್ತೆ ಸೇರ್ಸಿವ್ನಿ, ನೀನಿಲ್ದೆ ಆಗಕ್ಕಿಲ್ಲ."

ಚಂದನ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಜ್ವರ ಬಂದೈತೆ ತಾತ" ಅಂದಳು.

ಹಿತ್ತಲಲ್ಲಿ ನೀರಿನ ಸದ್ದು ನಿಂತುಹೋಯ್ತು. ಮಂಡಿ ಕಟಕ್ ಅಂತು. ಇವರು ಒಳಕ್ಕೆ ಬಂದರು, ಕೈ ಇನ್ನೂ ಒದ್ದೆ. ಹೊನ್ನಯ್ಯನೋರು, "ಬಾನುವಾರ ಅಂದ್ರೆ ಇನ್ನೂ ನಾಕ್ ದಿನ ಐತೆ, ಅಸ್ಟೊತ್ಗೆ ಬುಡ್ತದೆ ಬುಡು. ಏನ್ಲಾ ಸಿದ್ದ, ಯೋಳ್ಲಾ ಮಗ್ಳಿಗೆ. ಊರ್ ಮರ್ಯಾದೆ ಪ್ರಸ್ನೆ" ಅಂದರು.

ಇವರು ಪಂಚೆಗೆ ಕೈ ಒರೆಸ್ಕೊಂಡು ಮಗಳ ಪಕ್ಕದಲ್ಲಿ ಕಷ್ಟಪಟ್ಟು ಕೂತರು. ಹಣೆ ಮೇಲೆ ಕೈ ಇಟ್ಟರು. ಚಂದನ ಆಗ ಅಪ್ಪನ ಮುಖ ನೋಡಿದಳು. ಮೈಸೂರಲ್ಲಿ ನೋಡದೇ ಇದ್ದಿದ್ದನ್ನೂ ಸೇರಿಸಿ ಆವತ್ತು ನೋಡಿದಳು ಅನ್ನಿಸ್ತು ನನಗೆ.

"ಊಂ ಕಣಣ್ಣ" ಅಂದರು ಇವರು. ಸುಳ್ಳು ಹೇಳಿ ಅಭ್ಯಾಸ ಇಲ್ಲದ ಬಾಯಿ, ಮಾತು ತಡವರಿಸ್ತಿತ್ತು. "ಕೆಂಡ ಸುಟ್ಟಂಗ್ ಸುಡ್ತಾವ್ಳೆ. ನೀವ್ ಓಗಿ."

"ಅಲ್ಲ ಕಣ್ಲಾ, ಊರು..."

"ಊರು ಮುಂದಿನ ವರ್ಸನೂ ಇರ್ತದೆ ಕಣಣ್ಣೋ. ನೀವ್ ಓಗಿ."

ಹೊನ್ನಯ್ಯನೋರು ಒಂದು ಸಲ ಅವರನ್ನ, ಒಂದು ಸಲ ನನ್ನನ್ನ ನೋಡಿದರು. ಏನೋ ಗೊಣಗಿಕೊಂಡು ಕೋಲೂರಿ ಇಳಿದು ಹೋದರು. ನಾನು ಹೋಗಿ ಮಗಳ ಕತ್ತು ಮುಟ್ಟಿ ನೋಡಿದೆ. ತಣ್ಣಗಿತ್ತು. ಅವಳು ಕಣ್ಣು ಮುಚ್ಕೊಂಡು ಅಳ್ತಿದ್ದಳು, ಇವರು ಹಣೆ ಮೇಲಿಂದ ಕೈ ತೆಗೆದಿರಲಿಲ್ಲ. ಒಲೆ ಮೇಲೆ ಹಾಲು ಉಕ್ಕೋ ಸದ್ದಾಯ್ತು, ನಾನು ಎದ್ದು ಹೋಗಿ ಇಳಿಸಿದೆ.